ಮಲ್ಟಿ ಜಿಮ್ ಕೊಳ್ಳಬೇಕೋ ಬೇಡವೋ: ಒಂದು ಮನೆಯ ಪ್ರಕರಣ

ಜನರಿಗೆ ತೂಕ ಎತ್ತುವುದನ್ನು ಕಲಿಸುವುದು ನನ್ನ ಕೆಲಸ. ಮನೆಗೆ ಮಷೀನ್ ಕೊಳ್ಳುವ ಮುಂಚೆ ಸಲಹೆ ಕೇಳುವವರು ಸಾಮಾನ್ಯವಾಗಿ ಎರಡು ಮಾದರಿಗಳ ಹೆಸರು ಹಿಡಿದುಕೊಂಡೇ ಬರುತ್ತಾರೆ. ಯಾವುದು ಒಳ್ಳೆಯದು ಹೇಳಿ ಅನ್ನುತ್ತಾರೆ. ಈ ದಂಪತಿಯೂ ಹಾಗೇ ಬಂದರು. ಆಕೆಗೆ 60 ವರ್ಷ, ಯಜಮಾನರಿಗೆ 64. ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ದುಡ್ಡೂ ಎತ್ತಿಟ್ಟಿದ್ದರು. ಆಕೆಯ ಮನಸ್ಸಿನಲ್ಲಿದ್ದದ್ದು ಮಲ್ಟಿ ಜಿಮ್. ಒಂದೇ ಚೌಕಟ್ಟಿನಲ್ಲಿ ಸೀಟು, ಕೇಬಲ್, ಪಿನ್ ಹಾಕಿ ತೂಕ ಬದಲಿಸುವ ವ್ಯವಸ್ಥೆ ಎಲ್ಲ ಇರುವಂಥದ್ದು. ಯಜಮಾನರು ಮೆಚ್ಚಿದ್ದು ಗೋಡೆಗೆ ಕೂರಿಸುವ ಡಿಜಿಟಲ್ ಮಷೀನ್. ದೂರದಲ್ಲಿರುವ ಮಗ ಮಾತ್ರ ಫೋನಿನಲ್ಲಿ, 'ಅಪ್ಪಾ, ಎರಡು ಡಂಬೆಲ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ' ಅಂದಿದ್ದ.

ಮೂವರ ಮಾತಿನಲ್ಲೂ ಹುರುಳಿತ್ತು. ಆದರೆ ಮಷೀನ್ ಯಾವ ಕೆಲಸಕ್ಕೆ ಬೇಕು ಅನ್ನುವುದನ್ನು ಇನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

'ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?' ಅಂತ ಕೇಳಿದೆ. ಆಗ ಕಾರಣ ಹೊರಗೆ ಬಂತು. ಆಕೆಗೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಆಗಿತ್ತು. ಸೊಂಟದ ಹತ್ತಿರ, ತೊಡೆಮೂಳೆಯ ಕತ್ತಿನ ಭಾಗದಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 1.9 ಬಂದಿತ್ತು. ಈ ಅಂಕ ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆಯ ಗಟ್ಟಿತನ ಕಡಿಮೆಯಾಗಿದೆ ಎಂದರ್ಥ. ಮೈನಸ್ 2.5 ಮುಟ್ಟಿದರೆ ಅಥವಾ ಇನ್ನೂ ಕೆಳಗಿಳಿದರೆ ಅದಕ್ಕೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಅನ್ನುತ್ತಾರೆ. ವೈದ್ಯರು ತೂಕದ ವ್ಯಾಯಾಮ ಶುರು ಮಾಡಿ ಎಂದಿದ್ದರು. ಯಾವ ತೂಕ, ಎಷ್ಟು, ಹೇಗೆ ಅನ್ನುವ ಮಾತು ಆ ಭೇಟಿಯಲ್ಲಿ ಬರಲಿಲ್ಲ. ಜಿಮ್ಮಿಗೆ ಹೋಗಿ ಅಪರಿಚಿತರ ನಡುವೆ ಎತ್ತಲು ಆಕೆಗೆ ಇಷ್ಟವಿಲ್ಲ. ಹಾಗಾಗಿ ಮಷೀನ್ ವಿಚಾರ ಬಂತು.

ಯಜಮಾನರ ಕಾರಣ ಬೇರೆ. ಮೆಟ್ಟಿಲು ಹತ್ತುವಾಗ ತೊಡೆ ಬೇಗ ಸೋಲುತ್ತಿತ್ತು. ಬೆನ್ನಿನ ಮೇಲ್ಭಾಗ ಬಾಗುತ್ತಿದೆ ಅಂತ ಅವರಿಗೇ ಅನ್ನಿಸುತ್ತಿತ್ತು. ವಾರದಲ್ಲಿ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳಿಗೂ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಅವರು ಅದನ್ನು ಓದಿಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದು ಸ್ನಾಯು. ಆಕೆಗೆ ಸ್ನಾಯುವೂ ಬೇಕು, ಮೂಳೆಯೂ ಬೇಕು. ಇಬ್ಬರಿಗೂ ಒಂದೇ ಮಷೀನ್ ಸಾಕೋ ಇಲ್ಲವೋ ಅನ್ನುವುದು ಈ ವ್ಯತ್ಯಾಸದ ಮೇಲೆ ನಿಂತಿತ್ತು.

ಸ್ನಾಯುವಿನ ವಿಷಯದಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎದುರಿಗೆ ಬರುವುದು ಕಬ್ಬಿಣವಾಗಲಿ, ರಬ್ಬರ್ ಆಗಲಿ, ಮೋಟಾರ್ ಆಗಲಿ, ಸ್ನಾಯುವಿಗೆ ಅದು ಗೊತ್ತಾಗುವುದಿಲ್ಲ. ಇನ್ನು ಒಂದೆರಡು ಸಲ ಮಾತ್ರ ಆಗುತ್ತದೆ ಅನ್ನುವಷ್ಟು ದಣಿಯಬೇಕು, ಕಾಲ ಕಳೆದಂತೆ ಭಾರ ಏರಬೇಕು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಶಕ್ತಿ ತುಂಬಲು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಮಾಡಿದ್ದು ಇದನ್ನೇ. ಹಂತ ಹಂತವಾಗಿ ಭಾರ ಏರಿಸುವ ಈ ಕ್ರಮದ ಬಗ್ಗೆ ಅವರು 1945ರಲ್ಲಿ ಬರೆದರು.

ಕೂತು ಮಾಡುವ ಮಷೀನ್ ಕೆಲಸಕ್ಕೆ ಬಾರದು ಅನ್ನುವವರಿಗೆ ನಾನು 1990ರ ಒಂದು ಅಧ್ಯಯನ ತೋರಿಸುತ್ತೇನೆ. ವೃದ್ಧಾಶ್ರಮದಲ್ಲಿದ್ದ, 90ರ ಆಸುಪಾಸಿನ 10 ಜನರಿಗೆ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 8 ವಾರ ತೊಡೆಯ ವ್ಯಾಯಾಮ ಮಾಡಿಸಿದರು. ಬಳಸಿದ್ದು ರಾಟೆ ಮತ್ತು ತೂಕದ ಸಾದಾ ವ್ಯವಸ್ಥೆ. ಕೊನೆವರೆಗೂ ಮಾಡಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಹಾಗಾಗಿ ಯಜಮಾನರ ತೊಡೆಗೆ ಮಲ್ಟಿ ಜಿಮ್ ಧಾರಾಳವಾಗಿ ಸಾಕಾಗುತ್ತಿತ್ತು. ಅವರೊಬ್ಬರೇ ಬಂದಿದ್ದರೆ ನಾನು ಬಹುಶಃ 'ತಗೊಳ್ಳಿ' ಅಂದುಬಿಡುತ್ತಿದ್ದೆ.

ಮೂಳೆಯ ಕಥೆ ಬೇರೆ. ತನ್ನ ಮೂಲಕ ಹಾದುಹೋಗುವ ಭಾರಕ್ಕೆ ಮೂಳೆ ಸ್ಪಂದಿಸುತ್ತದೆ. ಬೆನ್ನುಮೂಳೆ ಮತ್ತು ಸೊಂಟ ಗಟ್ಟಿಯಾಗಬೇಕಾದರೆ ಭಾರ ಬೆನ್ನು ಮತ್ತು ಸೊಂಟದ ಮೂಲಕ ನೆಲಕ್ಕೆ ಇಳಿಯಬೇಕು. ಸೀಟಿನಲ್ಲಿ ಕೂತು ಮೊಣಕಾಲು ಚಾಚುವ ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಭಾರ ಬೀಳುವುದು ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗಕ್ಕೆ. ತೊಡೆ ಉರಿಯುತ್ತದೆ, ನಿಜ. ಆದರೆ ದೇಹದ ಮೇಲಿಂದ ಕೆಳಕ್ಕೆ ಒತ್ತುವ ಭಾರ ಅಲ್ಲಿ ಇಲ್ಲ. ಇವರು ನೋಡಿಟ್ಟಿದ್ದ ಮಲ್ಟಿ ಜಿಮ್‌ನಲ್ಲಿ ಎದೆಗೆ, ತೋಳಿಗೆ, ಬೆನ್ನಿಗೆ, ತೊಡೆಗೆ ಒಂದೊಂದು ಜಾಗ ಇತ್ತು. ಮುಖ್ಯವಾದ ವ್ಯಾಯಾಮಗಳೆಲ್ಲ ಕೂತು ಮಾಡುವಂಥವು. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಇರಲಿಲ್ಲ.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದಲ್ಲಿ ಬೆಲಿಂಡಾ ಬೆಕ್ ಮತ್ತು ಸಂಗಡಿಗರು ನಡೆಸಿದ ಲಿಫ್ಟ್‌ಮೋರ್ ಎಂಬ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಡೀ ನಿರ್ಧಾರ ತಿರುಗಿದ್ದು ಇದರಿಂದ. ಮುಟ್ಟು ನಿಂತ, 58 ದಾಟಿದ, ಮೂಳೆ ಸಾಂದ್ರತೆ ಕಡಿಮೆಯಾಗಿದ್ದ 101 ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪು ವಾರಕ್ಕೆ 2 ಸಲ, ಸಲಕ್ಕೆ 30 ನಿಮಿಷ, 8 ತಿಂಗಳು ತೂಕ ಎತ್ತಿತು. ಡೆಡ್‌ಲಿಫ್ಟ್ (ನೆಲದ ಮೇಲಿನ ತೂಕ ಹಿಡಿದು ಎದ್ದು ನಿಲ್ಲುವುದು), ಬೆನ್ನ ಮೇಲೆ ಬಾರ್ (ತೂಕ ಸಿಕ್ಕಿಸುವ ಕಬ್ಬಿಣದ ಸರಳು) ಹೊತ್ತು ಸ್ಕ್ವಾಟ್ (ಮೊಣಕಾಲು ಮಡಚಿ ಕೆಳಗಿಳಿದು ಏಳುವುದು), ತಲೆಯ ಮೇಲಕ್ಕೆ ಪ್ರೆಸ್, ಜೊತೆಗೆ ಜಿಗಿದು ನೆಲಕ್ಕೆ ಇಳಿಯುವ ಒಂದು ವ್ಯಾಯಾಮ. ಭಾರ ಕಡಿಮೆ ಇರಲಿಲ್ಲ. ಒಬ್ಬರು ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ತೂಕದ ಶೇ. 85ಕ್ಕೂ ಹೆಚ್ಚು, 5 ಸಲದ 5 ಸೆಟ್ (ಸುತ್ತು). ಇನ್ನೊಂದು ಗುಂಪು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ತೂಕ ಎತ್ತಿದವರ ಸೊಂಟದ ಮಟ್ಟದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ. 2.9ರಷ್ಟು ಏರಿತು. ಹಗುರ ವ್ಯಾಯಾಮದವರದ್ದು ಶೇ. 1.2ರಷ್ಟು ಇಳಿಯಿತು. ಈ ವಯಸ್ಸಿನಲ್ಲಿ ಮೂಳೆ ಇಳಿಯದೆ ನಿಂತರೇ ದೊಡ್ಡದು, ಅಲ್ವಾ?

ಆ ಮಹಿಳೆಯರು ತಾವಾಗಿಯೇ ಬಾರ್ ಎತ್ತಿಕೊಂಡವರಲ್ಲ. ತರಬೇತಿ ಪಡೆದವರು ಪಕ್ಕದಲ್ಲೇ ನಿಂತಿರುತ್ತಿದ್ದರು. ಮೊದಲ ತಿಂಗಳು ಹಗುರ ಭಾರದಲ್ಲಿ ಚಲನೆ ಕಲಿಸಿದ ಮೇಲೆಯೇ ತೂಕ ಏರಿಸಿದರು. ಇದನ್ನು ಮರೆತು 'ಭಾರ ಎತ್ತಿದರೆ ಮೂಳೆ ಗಟ್ಟಿ' ಅನ್ನುವಷ್ಟನ್ನೇ ಹಿಡಿದುಕೊಂಡರೆ ಅಪಾಯ. ಮೂಳೆ ತೆಳುವಾದವರು ಬೆನ್ನು ಬಗ್ಗಿಸಿ ಭಾರ ಎತ್ತಿದರೆ ಬೆನ್ನುಮೂಳೆ ಕುಸಿಯಬಹುದು.

ಇಷ್ಟು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ಹಾಗಾದರೆ ಮಲ್ಟಿ ಜಿಮ್ ನನಗೆ ಬೇಡವೇ ಬೇಡ ಅಂತಲಾ?' ಹಾಗೇನಿಲ್ಲ ಅಂದೆ. ಅದರಿಂದ ಕೈಕಾಲಿಗೆ ಬಲ ಬರುತ್ತದೆ. ಬಲ ಬಂದರೆ ಬೀಳುವುದು ಕಡಿಮೆಯಾಗುತ್ತದೆ, ಬೀಳದಿದ್ದರೆ ಮೂಳೆ ಮುರಿಯುವುದೂ ಕಡಿಮೆ. ಆದರೆ ಅಷ್ಟು ದುಡ್ಡು, ಅಷ್ಟು ಜಾಗ ಕೊಟ್ಟು ತಂದ ವಸ್ತು ಅವರ ಮುಖ್ಯ ಕಾರಣಕ್ಕೇ ಸರಿಯಾಗಿ ಒದಗದು. ನನಗೆ ಕಷ್ಟ ಅನ್ನಿಸಿದ್ದು ಅದು.

ಭಾರ ಏರಿಸುವ ಹೆಜ್ಜೆಯದೂ ಒಂದು ತೊಡಕಿತ್ತು. ಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಆ ಮಾದರಿಯಲ್ಲಿ ಒಟ್ಟು 68 ಕಿಲೋ ತೂಕ ಇತ್ತು, ಒಂದರ ಮೇಲೊಂದು ಇಟ್ಟ ಒಂದೊಂದು ಕಬ್ಬಿಣದ ಹಲಗೆ ಸುಮಾರು 4.5 ಕಿಲೋ. ಪಿನ್ ಒಂದು ತೂತು ಕೆಳಗೆ ಹಾಕಿದರೆ 4.5 ಕಿಲೋ ಏರುತ್ತದೆ. ತೊಡೆಗೆ ಅದೇನೂ ದೊಡ್ಡದಲ್ಲ. ಭುಜಕ್ಕೆ ದೊಡ್ಡದು. 9 ಕಿಲೋ ಒತ್ತುತ್ತಿರುವವರು ಒಂದೇ ಸಲ 13.5ಕ್ಕೆ ಹೋಗಬೇಕು, ಅಂದರೆ ಅರ್ಧದಷ್ಟು ಜಾಸ್ತಿ. ಒಂದು ಸಲಕ್ಕೆ ಶೇ. 2ರಿಂದ 10ರಷ್ಟು ಮಾತ್ರ ಏರಿಸಿ ಎಂಬುದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2009ರಲ್ಲಿ ಕೊಟ್ಟ ಸಲಹೆ. ಹೆಜ್ಜೆ ದೊಡ್ಡದಾದರೆ ಆಗುವುದು ಎರಡರಲ್ಲಿ ಒಂದು. ಭುಜ ನೋಯುತ್ತದೆ, ಇಲ್ಲವೇ ತಿಂಗಳುಗಟ್ಟಲೆ ಅದೇ ತೂತಿನಲ್ಲಿ ಪಿನ್ ಉಳಿಯುತ್ತದೆ. ಒಂದು ಕಿಲೋದ ಚಿಕ್ಕ ತೂಕವನ್ನು ಮೇಲೆ ಅಂಟಿಸಿ ಸರಿಮಾಡಿಕೊಳ್ಳಬಹುದು. ಅದು ಹಿಡಿಯುತ್ತದೋ ಇಲ್ಲವೋ ಅಂತ ಕೊಳ್ಳುವ ಮುಂಚೆಯೇ ನೋಡಬೇಕು. ಇನ್ನೊಂದು ವಿಷಯ, ಹಲಗೆಯ ಮೇಲೆ ಬರೆದ ಅಂಕಿ ಕೈಗೆ ಬರುವ ಭಾರವಲ್ಲ. ಕೇಬಲ್ ಎಷ್ಟು ರಾಟೆ ಸುತ್ತಿ ಬರುತ್ತದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಎರಡಕ್ಕೆ ಒಂದರ ಲೆಕ್ಕದ ರಾಟೆ ಇದ್ದರೆ 40 ಕಿಲೋ ಇಟ್ಟರೂ ಕೈಗೆ ಸಿಗುವುದು 20.

ಈ ತೊಡಕು ಯಜಮಾನರ ಡಿಜಿಟಲ್ ಮಷೀನ್‌ನಲ್ಲಿ ಇಲ್ಲ. ಅದರೊಳಗೆ ಕಬ್ಬಿಣದ ಹಲಗೆಗಳೇ ಇರುವುದಿಲ್ಲ. ವಿದ್ಯುತ್ ಮೋಟಾರ್ ಕೇಬಲ್ಲನ್ನು ಎಳೆದು ಹಿಡಿಯುತ್ತದೆ, ಭಾರವನ್ನು ಅರ್ಧ ಕಿಲೋದಷ್ಟು ಸಣ್ಣ ಹೆಜ್ಜೆಯಲ್ಲಿ ಏರಿಸಬಹುದು. ಎತ್ತುವವರು ಮಧ್ಯದಲ್ಲಿ ಸೋತರೆ ಅದೇ ಭಾರ ಇಳಿಸುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಈ ಗುಣಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ನಿಂತು ಮಾಡುವ ವ್ಯಾಯಾಮಗಳೂ ಅದರಲ್ಲಿ ಆಗುತ್ತವೆ. ಹಾಗಾಗಿ ಮೂಳೆಯ ಲೆಕ್ಕದಲ್ಲೂ ಅದು ಮಲ್ಟಿ ಜಿಮ್‌ಗಿಂತ ಮುಂದೆಯೇ ಇತ್ತು.

ನನ್ನ ಹಿಂಜರಿಕೆಗೆ ಎರಡು ಕಾರಣ. ಒಂದು, ಭಾರದ ಮಿತಿ. ಈ ಬಗೆಯ ಮಷೀನ್‌ಗಳಲ್ಲಿ ಹೆಸರಾದ ಟೋನಲ್‌ನ ಮೊದಲ ಮಾದರಿ ಎರಡು ಕೈಗಳೂ ಸೇರಿ 200 ಪೌಂಡ್, ಅಂದರೆ ಸುಮಾರು 90 ಕಿಲೋ ಕೊಡುತ್ತದೆ. 60ರ ಮಹಿಳೆಗೆ ಇದು ಬಹುಕಾಲ ಸಾಕು. ಯಜಮಾನರ ಡೆಡ್‌ಲಿಫ್ಟ್‌ಗೆ ಒಂದು ದಿನ ಕಡಿಮೆ ಬೀಳಬಹುದು. ಅದು ಸಣ್ಣ ಕಾರಣ. ದೊಡ್ಡ ಕಾರಣ, ಇಂಥ ಮಷೀನ್ ಕೊಂಡ ಮೇಲೂ ಪೂರ್ತಿ ನಮ್ಮದಾಗುವುದಿಲ್ಲ. ಅದರ ಹೆಚ್ಚಿನ ಸೌಲಭ್ಯಗಳು ತಿಂಗಳ ಚಂದಾಕ್ಕೆ, ಸಾಫ್ಟ್‌ವೇರ್‌ಗೆ, ಕಂಪನಿ ನಡೆಯುತ್ತಿರುವುದಕ್ಕೆ ಕಟ್ಟಿಬಿದ್ದಿರುತ್ತವೆ. ಮನೆಯ ವ್ಯಾಯಾಮ ಸಾಮಾನಿನಲ್ಲಿ ದಶಕಗಳ ಹೆಸರಿದ್ದ ಬೋಫ್ಲೆಕ್ಸ್ ಕಂಪನಿಯೇ 2024ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಆಸ್ತಿಯನ್ನು ಜಾನ್ಸನ್ ಹೆಲ್ತ್ ಟೆಕ್ ಕೊಂಡಿತು. ಕಬ್ಬಿಣದ ಪ್ಲೇಟ್ ತಯಾರಿಸಿದವರು ಬಾಗಿಲು ಹಾಕಿದರೂ ಪ್ಲೇಟಿನ ತೂಕ ಕಡಿಮೆಯಾಗದು. 20 ವರ್ಷ ಮಾಡಬೇಕಾದ ಕೆಲಸಕ್ಕೆ ಸಾಮಾನು ಆರಿಸುವಾಗ ಇದನ್ನು ತೂಗಿ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಪಿಸ್ಟನ್ ಇರುವ ಹೈಡ್ರಾಲಿಕ್ ಮಷೀನ್ ಬಗ್ಗೆಯೂ ಕೇಳಿದರು. ಅದರಲ್ಲಿ ತಳ್ಳುವಾಗ, ಎಳೆಯುವಾಗ ಮಾತ್ರ ಭಾರ ಸಿಗುತ್ತದೆ. ಇಳಿಸುವಾಗ ತಡೆದು ಹಿಡಿಯಲು ಏನೂ ಇರುವುದಿಲ್ಲ. ಮೆಟ್ಟಿಲು ಇಳಿಯಲು, ಕುರ್ಚಿಗೆ ಮೆಲ್ಲಗೆ ಕೂರಲು ಬೇಕಾದ ಬಲ ಆ ತಡೆದು ಹಿಡಿಯುವ ಬಲವೇ. ಅದನ್ನು ಅಲ್ಲಿಗೇ ಬಿಟ್ಟೆವು.

ಕೊಳ್ಳುವ ಮುಂಚೆ 8 ವಾರ ಕೈಗೆ ಸಿಕ್ಕ ಸಾಮಾನಿನಲ್ಲೇ ಮಾಡಿ ಅಂತ ನಾನು ಹೇಳಿದೆ. ಇದು ಅವರ ಶಿಸ್ತಿನ ಪರೀಕ್ಷೆಯಲ್ಲ. ಭಾರ ಎಲ್ಲಿ ಸಾಲದೆ ಹೋಗುತ್ತದೆ ಅಂತ ನೋಡುವುದು ಉದ್ದೇಶ. ಮಷೀನ್ ಬೇಕಾಗುವುದು ಆ ಜಾಗಕ್ಕೆ ಮಾತ್ರ. ಉದ್ದದ ಎರಡು ರೆಸಿಸ್ಟೆನ್ಸ್ ಬ್ಯಾಂಡ್ (ಎಳೆಯುವ ರಬ್ಬರ್ ಪಟ್ಟಿ), ಒಂದು ಜೊತೆ ಡಂಬೆಲ್, ಬೆನ್ನಿಗೆ ಹಾಕುವ ಗಟ್ಟಿ ಚೀಲ, ಕೈಯಿಲ್ಲದ ಕುರ್ಚಿ. ಇಷ್ಟೇ ಸಾಮಾನು. ಜೊತೆಗೆ ಒಂದು ನೋಟ್‌ಬುಕ್. ದಿನಾಂಕ, ವ್ಯಾಯಾಮ, ಭಾರ, ಎಷ್ಟು ಸಲ, ಕೊನೆಯಲ್ಲಿ ಇನ್ನೆಷ್ಟು ಸಲ ಆಗುತ್ತಿತ್ತು ಅನ್ನಿಸಿತು ಎಂದು ಬರೆಯಬೇಕು. ಶುರು ಮಾಡುವ ಮುಂಚೆ ಆಕೆ ಮತ್ತೆ ವೈದ್ಯರ ಹತ್ತಿರ ಹೋಗಿ, ಬೆನ್ನುಮೂಳೆಯಲ್ಲಿ ಹಳೆಯ ಬಿರುಕು ಇಲ್ಲ ಅಂತ ಖಚಿತ ಮಾಡಿಕೊಂಡು ಬಂದರು.

ಮೊದಲ ದಿನ ಇಬ್ಬರಿಗೂ ಕುರ್ಚಿ ಪರೀಕ್ಷೆ ಮಾಡಿಸಿದೆ. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತೀರಿ ಅನ್ನುವ ಲೆಕ್ಕ. 60ರಿಂದ 64ರ ವಯಸ್ಸಿನಲ್ಲಿ ಮಹಿಳೆಯರು 12ಕ್ಕಿಂತ, ಗಂಡಸರು 14ಕ್ಕಿಂತ ಕಡಿಮೆ ಮಾಡಿದರೆ ಅದು ಸರಾಸರಿಗಿಂತ ಕೆಳಗೆ, ಬೀಳುವ ಅಪಾಯದ ಸೂಚನೆ. ಆಕೆ 11 ಮಾಡಿದರು, ಯಜಮಾನರು 13. ಇಬ್ಬರ ಮುಖದಲ್ಲೂ ಆ ಅಂಕಿ ನಾಟಿದ್ದು ಕಾಣಿಸಿತು.

8 ವಾರದ ಕೊನೆಗೆ ನೋಟ್‌ಬುಕ್ ಬಹಳ ಸ್ಪಷ್ಟವಾಗಿ ಮಾತಾಡಿತು. ಕುರ್ಚಿ ಪರೀಕ್ಷೆಯಲ್ಲಿ ಆಕೆ 15, ಯಜಮಾನರು 16. ವಾರಕ್ಕೆ 2 ದಿನದ ಅಭ್ಯಾಸ ಇಬ್ಬರಿಗೂ ಕೂತಿತ್ತು. ಬೆಳಿಗ್ಗೆ ಮಾಡಿದರೆ ಮಾತ್ರ ತಪ್ಪುತ್ತಿರಲಿಲ್ಲ ಅನ್ನುವುದೂ ಪುಟಗಳಲ್ಲಿ ಕಾಣುತ್ತಿತ್ತು. ಆಕೆಯ ಭುಜ ಮತ್ತು ತೋಳಿಗೆ ಡಂಬೆಲ್ ಇನ್ನೂ ಬಹುಕಾಲ ಸಾಕಾಗುವಂತಿತ್ತು. ಎದೆಗೆ ದಂಡ ಹೊಡೆಯುವುದು ಸಾಕಾಗುತ್ತಿತ್ತು, ಮೊದಲು ಗೋಡೆಗೆ, ಆಮೇಲೆ ಮೇಜಿಗೆ ಕೈಯೂರಿ. ಕಾಲು ಮತ್ತು ಸೊಂಟದಲ್ಲಿ ಮಾತ್ರ ಸಾಮಾನು ಸಾಲದಾಯಿತು. ಚೀಲಕ್ಕೆ 12 ಕಿಲೋ ತುಂಬಿದ ಮೇಲೆ ಅದು ಭುಜ ಎಳೆಯತೊಡಗಿತು, ಕಾಲಿಗೆ ಮಾತ್ರ ಇನ್ನೂ ಹಗುರ. ಯಜಮಾನರಿಗೆ ಮೇಲಿನಿಂದ ಕೆಳಕ್ಕೆ ಎಳೆಯುವ ವ್ಯಾಯಾಮದಲ್ಲಿ ತೊಂದರೆ ಆಯಿತು. ಬ್ಯಾಂಡ್ ಶುರುವಿನಲ್ಲಿ ಸಡಿಲ, ಕೊನೆಯಲ್ಲಿ ಬಿಗಿ. ಎಷ್ಟು ಭಾರ ಎಳೆಯುತ್ತಿದ್ದೇನೆ ಅಂತ ಬರೆಯಲೂ ಬರುತ್ತಿರಲಿಲ್ಲ.

ಹಾಗಾಗಿ ಕೊಳ್ಳಬೇಕಾಗಿದ್ದು ಎರಡು ಕೆಲಸಕ್ಕೆ: ನಿಂತು ಭಾರ ಹೊರಲು ಮತ್ತು ಮೇಲಿನಿಂದ ಎಳೆಯಲು.

ಆ ಎರಡಕ್ಕೂ ಒದಗಿದ್ದು ಬಾರ್ ಆನಿಸಿಡುವ, ಅದು ಜಾರಿದರೆ ಹಿಡಿಯುವ ಅಡ್ಡ ಸುರಕ್ಷತಾ ಪಟ್ಟಿಗಳಿರುವ ಒಂದು ಸ್ಕ್ವಾಟ್ ರ‍್ಯಾಕ್, ಒಂದು ಬಾರ್, ಪ್ಲೇಟ್‌ಗಳು ಮತ್ತು ರ‍್ಯಾಕಿನ ಮೇಲ್ಭಾಗಕ್ಕೆ ಸಿಕ್ಕಿಸುವ, ಪ್ಲೇಟ್ ಹಾಕಿ ಎಳೆಯುವ ರಾಟೆ. ಮಲ್ಟಿ ಜಿಮ್‌ಗೆ ಎತ್ತಿಟ್ಟಿದ್ದ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಖರ್ಚಾಯಿತು. ಬಾರ್ ವಿಷಯದಲ್ಲಿ ನಾನು ಹಟ ಹಿಡಿದೆ. ಎಲ್ಲರೂ ಕೊಳ್ಳುವ ದೊಡ್ಡ ಬಾರ್ 20 ಕಿಲೋ ತೂಗುತ್ತದೆ. ಆಕೆ ತಲೆಯ ಮೇಲಕ್ಕೆ ಒತ್ತಲು ಖಾಲಿ ಬಾರೇ ಭಾರವಾದರೆ ಶುರು ಮಾಡುವುದು ಹೇಗೆ? ಹಗುರ ಬಾರ್ ತಂದೆವು. ಜೊತೆಗೆ ಅರ್ಧ ಕಿಲೋದ ಪ್ಲೇಟ್ ಒಂದು ಜೊತೆ. ಅಂಗಡಿಯವರು ಅದು ಬೇಕಾಗದು ಅಂದರು. ಆಕೆಗೆ ಈಗ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿರುವುದು ಅದೇ.

ತೂಕ ಬದಲಿಸಬಹುದಾದ ಡಂಬೆಲ್ ಒಂದು ಜೊತೆ ಹಳೆಯದರಲ್ಲಿ ಸಿಗುತ್ತಿತ್ತು, ಯಜಮಾನರಿಗೆ ಆಸೆ. ಮಾದರಿಯ ಸಂಖ್ಯೆ ನೋಡದೆ ತರಬೇಡಿ ಅಂದೆ. ಬೋಫ್ಲೆಕ್ಸ್‌ನ 552 ಮತ್ತು 1090 ಮಾದರಿಯ ಸುಮಾರು 38 ಲಕ್ಷ ಡಂಬೆಲ್‌ಗಳನ್ನು 2025ರ ಜೂನ್‌ನಲ್ಲಿ ವಾಪಸ್ ಕರೆಯಲಾಯಿತು. ಎತ್ತುವಾಗ ಪ್ಲೇಟ್ ಕಳಚಿ ಬೀಳುತ್ತಿತ್ತು ಅನ್ನುವುದು ಕಾರಣ. ಹಳೆಯ ಸಾಮಾನು ಮಾರುವವರಿಗೆ ಇದು ಗೊತ್ತಿರಬೇಕು ಅಂತೇನಿಲ್ಲ.

ಕೋಣೆಯ ಅಳತೆ ಕೊನೆಗೆ ಬಂತು, ಮೊದಲೇ ಬರಬೇಕಿತ್ತು ಅಂತ ಕೆಲವರು ಅನ್ನಬಹುದು. ಏನು ಬೇಕು ಅಂತ ಗೊತ್ತಾಗದೆ ಅಳೆದು ಪ್ರಯೋಜನ ಇಲ್ಲ ಅನ್ನುವುದು ನನ್ನ ಲೆಕ್ಕ. ಯಜಮಾನರು ಕೈ ಮೇಲೆತ್ತಿ ನಿಂತಾಗ ಮುಷ್ಟಿಯಿಂದ ಸೂರಿಗೆ ಎಷ್ಟು ಜಾಗ ಉಳಿಯುತ್ತದೆ ನೋಡಿದೆವು. ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್, ಅಂದರೆ ಬಾರಿನಿಂದ ಮೇಲಕ್ಕೆ ಇನ್ನೂ 22.5 ಸೆಂಟಿಮೀಟರ್ ಬೇಕು. ಬಾರಿನ ಎರಡು ತುದಿಗಳ ಆಚೆ ಪ್ಲೇಟ್ ಹಾಕಿ ತೆಗೆಯಲು ಒಬ್ಬರು ನಿಲ್ಲುವಷ್ಟು ಜಾಗ ಬೇಕು. ನೆಲಕ್ಕೆ ದಪ್ಪ ರಬ್ಬರ್ ಹಾಸಿದೆವು.

ಬಾರ್ ಬಂದ ಮೇಲೆ ಆಕೆ ನೇರ ರ‍್ಯಾಕಿಗೆ ಹೋಗಲಿಲ್ಲ. ಒಬ್ಬ ಫಿಸಿಯೋಥೆರಪಿಸ್ಟ್ ಜೊತೆ ಸೊಂಟದಿಂದ ಬಾಗುವುದನ್ನು ಕಲಿತರು, ಬೆನ್ನು ನೇರ ಇಟ್ಟು, ಕೋಲೊಂದನ್ನು ಬೆನ್ನಿಗೆ ಆನಿಸಿಕೊಂಡು. ಉಳಿದ ದುಡ್ಡಿನ ಒಂದು ಭಾಗ ಇದಕ್ಕೆ ಹೋಯಿತು. ಇಡೀ ಖರ್ಚಿನಲ್ಲಿ ಅತಿ ಮುಖ್ಯವಾದದ್ದು ಇದು ಅಂತ ನಾನು ನಂಬುತ್ತೇನೆ. ಜಿಗಿದು ಇಳಿಯುವ ವ್ಯಾಯಾಮವನ್ನು ನಾವು ಇನ್ನೂ ಮುಟ್ಟಿಲ್ಲ. ಅವರ ಒಂದು ಮೊಣಕಾಲು ಅದಕ್ಕೆ ತಯಾರಿಲ್ಲ.

ಮೂಳೆಯಲ್ಲಿ ಏನಾಗಿದೆ ಅಂತ ಈಗಲೇ ಹೇಳಲು ಆಗದು. ಮೂಳೆ ನಿಧಾನವಾಗಿ ಬದಲಾಗುತ್ತದೆ. ಮುಂದಿನ ಸ್ಕ್ಯಾನ್ ಯಾವಾಗ ಅಂತ ವೈದ್ಯರು ಹೇಳುತ್ತಾರೆ. ಅದನ್ನು ಮೊದಲು ಮಾಡಿಸಿದ ಜಾಗದಲ್ಲೇ, ಅದೇ ಯಂತ್ರದಲ್ಲೇ ಮಾಡಿಸಿ ಅಂತ ಹೇಳಿದ್ದೇನೆ. ಯಂತ್ರ ಬದಲಾದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಯಜಮಾನರು ಡಿಜಿಟಲ್ ಮಷೀನ್ ಆಸೆ ಬಿಟ್ಟಿಲ್ಲ. ಅವರ ವಾದವನ್ನು ನಾನು ತಳ್ಳಿಹಾಕುವುದೂ ಇಲ್ಲ. ಪ್ಲೇಟ್ ಹಾಕಿ ತೆಗೆಯುವುದು ಅವರಿಗೆ ಬೇಸರದ ಕೆಲಸ. ಬೆರಳಿನ ಸಂಧಿಗಳು ನೋಯತೊಡಗಿದರೆ ಅದು ಇನ್ನೂ ಕಷ್ಟವಾಗುತ್ತದೆ. ಮನೆಯಲ್ಲಿ ಒಬ್ಬರೇ ಇರುವ ದಿನ ಬಂದರೆ ರ‍್ಯಾಕಿನ ಅಡ್ಡ ಪಟ್ಟಿಗಿಂತ ತಾನಾಗಿ ಭಾರ ಇಳಿಸುವ ಮೋಟಾರ್ ಹೆಚ್ಚು ಧೈರ್ಯ ಕೊಡಬಹುದು. ಇವೆರಡರಲ್ಲಿ ಒಂದು ನಿಜವಾದ ದಿನ ಮತ್ತೆ ಕೂತು ಮಾತಾಡೋಣ ಅಂತ ಒಪ್ಪಿಕೊಂಡಿದ್ದೇವೆ. ಆಗ ನಾನು ಮೊದಲು ಕೇಳುವುದು ನೋಟ್‌ಬುಕ್ಕನ್ನು. ಅವರು ಮೊದಲು ನೋಡಬೇಕಾದದ್ದು, ಚಂದಾ ನಿಲ್ಲಿಸಿದ ಮೇಲೂ ಆ ಮಷೀನ್‌ನಲ್ಲಿ ಭಾರ ಹಾಕಿ ಎತ್ತಲು ಬರುತ್ತದೋ ಇಲ್ಲವೋ ಅನ್ನುವುದನ್ನು.